ಮೂರನೆಯ ಬ್ಯಾಡ

ಆ ಮಧ್ಯಾಹ್ನ ನಮ್ಮ ದ್ರಾಕ್ಷಿ ಶೆಡ್ಡಿನ ನೆರಳಿನಲ್ಲಿ ಐದು ಜನ ಕೂತಿದ್ದೆವು. ನಾನು, ನನ್ನ ಹೆಂಡತಿ, ನನ್ನ ಅಕ್ಕ, ಅಕ್ಕನ ಗಂಡ, ಮತ್ತು ಪಕ್ಕದ ಮನೆಯ ನಿವೃತ್ತ ಟೀಚರ್. ಐವರಲ್ಲಿ ನಾಲ್ವರು ಕೆಲಸ ಮಾಡುತ್ತಿದ್ದರು. ಹೆಂಗಸರು ಒಣಗಿದ ದ್ರಾಕ್ಷಿಯ ತೊಟ್ಟು ಬಿಡಿಸುತ್ತಿದ್ದರು, ಅಕ್ಕನ ಗಂಡ ಉದುರಿದ ತೊಟ್ಟುಗಳನ್ನು ಕಾಲಿನಿಂದ ಒಂದು ಮೂಲೆಗೆ ಗುಡ್ಡೆ ಮಾಡುತ್ತಿದ್ದರು. ನಾನು ಮಾತಾಡುತ್ತಿದ್ದೆ.

ನಮ್ಮ ಗಡಿಯ ಕಡೆ ಅಕ್ಕನ ಗಂಡನಿಗೆ ದಾಜಿ ಎನ್ನುತ್ತೇವೆ. ಮರಾಠಿಯಿಂದ ಬಂದ ಮಾತು. ಬಂದು ಎಷ್ಟು ತಲೆಮಾರು ಕಳೆದಿದೆಯೆಂದರೆ ಈಗ ಅದಕ್ಕೊಂದು ರೇಷನ್ ಕಾರ್ಡು ಕೊಡಬೇಕು. ನಮ್ಮ ದಾಜಿ ರಾಯಬಾಗದ ಕಡೆಯ ಕಬ್ಬಿನ ಒಕ್ಕಲಿಗರು, ಎತ್ತರದ ಆಳು. ಅವರ ಎರಡೂ ಮೂತ್ರಪಿಂಡಗಳು ಒಂದರ ಹಿಂದೊಂದು ಕೈಕೊಟ್ಟಿದ್ದವು, ಒಂದಕ್ಕೆ ಹೋಗುವುದೇ ನಿಂತುಬಿಟ್ಟಿತ್ತು. ವಾರಕ್ಕೆರಡು ಸಲ ಅಕ್ಕ ಅವರನ್ನು ರೈಲಿನಲ್ಲಿ ಮಿರಜಕ್ಕೆ ಕರೆದೊಯ್ಯುತ್ತಿದ್ದಳು. ಅಲ್ಲಿ ಯಂತ್ರಕ್ಕೆ ಹಚ್ಚಿ ರಕ್ತ ತೊಳೆಸಿಕೊಂಡು ಬರುವಾಗ ಶೇಡಬಾಳದಲ್ಲಿ ಇಳಿದು, ನಮ್ಮ ಮನೆಯಲ್ಲಿ ಊಟ ಮಾಡಿ, ಬೆನ್ನು ಚಾಚಿ, ಸಂಜೆಯ ರೈಲಿಗೆ ಊರಿಗೆ ಹೋಗುವುದು ರೂಢಿಯಾಗಿತ್ತು.

ಊಟ ಅಂದೆನಲ್ಲ, ಅದು ಹೆಸರಿಗೆ. ನೀರು ಅಳತೆಯಲ್ಲಿ, ಉಪ್ಪು ಚಿಟಿಕೆಯಲ್ಲಿ, ಬಾಳೆಹಣ್ಣು ಕೂಡದು, ಎಳನೀರು ಕೂಡದು. ಎಲ್ಲಕ್ಕಿಂತ ಕೆಟ್ಟದ್ದು, ಒಣದ್ರಾಕ್ಷಿ ಕೂಡದು. ನಮ್ಮ ಮನೆಯಲ್ಲಿ ಆ ಕಾಲದಲ್ಲಿ ಕಾಲಿಟ್ಟಲ್ಲೆಲ್ಲ ಒಣದ್ರಾಕ್ಷಿ. ದಾಜಿ ಆ ರಾಶಿಯನ್ನು ಪರವೂರಿನ ತೇರು ನೋಡುವ ಭಕ್ತನಂತೆ ದೂರದಿಂದ ನೋಡಿ ಉಸಿರು ಬಿಡುತ್ತಿದ್ದರು.

ಬೆಳಗಾವಿಯ ದೊಡ್ಡ ದವಾಖಾನೆಯೊಂದರಲ್ಲಿ ಬೇರೆ ಮೂತ್ರಪಿಂಡಕ್ಕಾಗಿ ಅವರ ಹೆಸರು ಹಚ್ಚಿದ್ದೆವು. ಎಲ್ಲೋ ಯಾರದೋ ಮನೆಯಲ್ಲಿ ಸಾವಾಗಬೇಕು, ಆ ದುಃಖದ ನಡುವೆ ಆ ಮನೆಯವರು ಹೂಂ ಅನ್ನಬೇಕು, ರಕ್ತದ ಗುಂಪು ಹೊಂದಬೇಕು, ಆಮೇಲೆ ಸರದಿ. ನಮ್ಮ ದಾಜಿ ಬದುಕಬೇಕೆಂದರೆ ಯಾರೋ ಸಾಯಬೇಕು ಎಂಬುದನ್ನು ಬಾಯಿಬಿಟ್ಟು ಹೇಳುವುದು ಕಷ್ಟ. ಹೀಗಾಗಿ ನಾನು ಅದನ್ನು ಕಾಯ್ದೆಯ ಮಾತು ಮಾಡಿದ್ದೆ. ಕಷ್ಟದ ಮಾತನ್ನು ಭಾಷಣ ಮಾಡಿಬಿಟ್ಟರೆ ಅರ್ಧ ಹಗುರಾಗುತ್ತದೆ. ಕನಿಷ್ಠ ಮಾತಾಡುವವನಿಗಾದರೂ.

"ಕೆಲವು ದೇಶದಾಗ ಹೆಂಗೈತಿ ಗೊತ್ತೈತೇನು?" ಎಂದೆ. "ಸತ್ತ ಮ್ಯಾಲ ಎಲ್ಲಾರ ಅಂಗಾಂಗನೂ ದಾನ ಅಂತ ಹಿಡಿದ ಬಿಡ್ತಾರ. ಬ್ಯಾಡ ಅನ್ನಾಂವ ಇದ್ರ ಬದುಕಿದ್ದಾಗನ ಹೋಗಿ ಬ್ಯಾಡ ಅಂತ ಬರಸಬೇಕು. ಬರಸಲಿಲ್ಲಂದ್ರ ಒಪ್ಪಿಗಿ ಐತಿ ಅಂತ ಅರ್ಥ. ಅಂಥಾ ಕಾಯ್ದೆ ಇಲ್ಲೂ ಬರಬೇಕು. ನಮ್ಮ ಮಂದಿ ಕೊಡೂದಿಲ್ಲ ಅಂತ ಎಲ್ಲಿ ಹೇಳ್ತಾರ? ಕೊಡ್ತೀನಿ ಅಂತ ಹೇಳಾಕ ಆಳಸ, ಅಷ್ಟ. ಕಾಯ್ದೆ ಬಂದ್ರ ದಾಜಿ ಹಿಂಗ ಪಾಳಿ ಕಾಯೂದ ತಪ್ಪತೈತಿ."

ಹೆಂಡತಿ ತೊಟ್ಟು ಬಿಡಿಸುತ್ತಲೇ ಕೇಳಿದಳು. "ಅಂದ್ರ ಸುಮ್ಮ ಇದ್ದಾಂವ ಹೂಂ ಅಂದಂಗ?"

"ಹೌದು. ಸುಮ್ಮ ಇದ್ರ ಹೂಂ ಅಂದಂಗ."

"ಬರೋಬ್ಬರಿ ನೆನಪ ಇಟ್ಕೋರಿ ಮತ್ತ."

ಈ ಮಾತಿನಲ್ಲಿ ಏನೋ ಇದೆ ಎಂದು ನಲವತ್ತು ವರ್ಷ ಸಂಸಾರ ಮಾಡಿದ ಗಂಡಸಿಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಟೀಚರ್ ನಕ್ಕರು. ಕಾಗವಾಡದ ಸುತ್ತಲ ಸರಕಾರಿ ಶಾಲೆಗಳಲ್ಲಿ ಇಡೀ ನೌಕರಿ ಮುಗಿಸಿದವರು. ಅವರ ಮನೆಯ ಅಂಗಳದಿಂದ ಬುದ್ಧವಿಹಾರದ ಬಾಗಿಲು ಕಾಣುತ್ತದೆ, ನಮ್ಮ ಅಂಗಳದಿಂದ ಅವರ ಅಂಗಳ ಕಾಣುತ್ತದೆ. "ಶಾಲ್ಯಾಗ ನಾ ದಿನಾ ಕೇಳ್ತಿದ್ದೆರಿ, ಎಲ್ಲಾರಿಗೂ ತಿಳೀತೇನು ಅಂತ. ಒಬ್ಬರೂ ಬಾಯಿ ಬಿಡ್ತಿರಲಿಲ್ಲ. ಸುಮ್ಮ ಇದ್ದದ್ದಕ್ಕ ತಿಳದೈತಿ ಅಂತ ಹಿಡಿದಿದ್ರ ನಾ ಭಾಳ ದೊಡ್ಡ ಟೀಚರ್ ಆಗಿರ್ತಿದ್ದೆ."

"ಇದು ಸತ್ತ ಮ್ಯಾಲಿನ ಮಾತ್ರಿ ಟೀಚರ್. ಸತ್ತಾಂವಗ ಏನ ತ್ರಾಸ? ಇಲ್ಲಾ ಮಣ್ಣಿಗಿ, ಇಲ್ಲಾ ಬೆಂಕಿಗಿ."

"ಅದೂ ಖರೆ. ಕೊಡಬ್ಯಾಡ್ರಿ ಅಂತ ನಾ ಹೇಳಾಕತ್ತಿಲ್ಲ. ಕೇಳಿ ತಗೋರಿ ಅನ್ನಾಕತ್ತೀನಿ. ನಮ್ಮ ಓಣಿಯ ಹಿರ್ಯಾರು ಭಾಳ ವರ್ಷ ಸುಮ್ಮ ಇದ್ರು. ಅವರು ಸುಮ್ಮ ಇದ್ದದ್ದನ್ನ ಒಪ್ಪಿಗಿ ಅಂತ ಹಿಡಿದು ಊರು ಭಾಳ ಕೆಲಸ ಮಾಡಿಸ್ಕೊಂಡೈತಿ. ಹಿಂಗಾಗಿ ಸುಮ್ಮ ಇರೂದರ ಅರ್ಥ ನಿಮಗ ಒಂದು ಕಾಣ್ತೈತಿ, ನನಗ ಒಂದು ಕಾಣ್ತೈತಿ." ಇಷ್ಟು ಹೇಳಿ, ಮಾತು ಭಾರವಾಯಿತು ಅನ್ನಿಸಿತೋ ಏನೋ, ನನ್ನ ಕಡೆ ತಿರುಗಿದರು. "ನಂದು ನಾ ಕೊಡ್ತೀನಂತ ಬರೆದ ಕೊಟ್ಟೀನಿ. ನೀವು ಕೊಟ್ಟೀರಲ್ರಿ?"

ನಾನು ಕೆಮ್ಮಿದೆ. "ಮೊಬೈಲದಾಗ ಮಾಡೂದೈತಂತ... ನೆಟ್‌ವರ್ಕ್ ಒಂದ ಸರಿ ಇಲ್ರಿ ಇಲ್ಲಿ."

ದಾಜಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರು ನನ್ನನ್ನು ಕರೆಯುವುದೇ ಪುಢಾರಿ ಎಂದು. "ಏ ಪುಢಾರಿ, ಕಾಯ್ದೆ ಬಂದ್ರ ನಿನಗ ಮೊಬೈಲ್ ಒತ್ತೂ ತ್ರಾಸ ತಪ್ಪತೈತಿ ಅನ್ನು!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಅವರು ಹೊಡೆದ ಕಲ್ಲು ಸರಿಯಾದ ಜಾಗಕ್ಕೇ ಬಿದ್ದಿತ್ತು. ನೆಟ್‌ವರ್ಕು ನಮ್ಮ ಶೆಡ್ಡಿನ ಹಿಂದೆ ಬಹಳ ಚೆನ್ನಾಗಿ ಬರುತ್ತದೆ. ದಾನಕ್ಕೆ ಹೆಸರು ಬರೆಸುವ ಆ ಪುಟವನ್ನು ನಾನು ಎಷ್ಟೋ ಸಲ ತೆರೆದಿದ್ದೆ, ಕೊನೆಯ ಗುಂಡಿಯ ಮೇಲೆ ಹೆಬ್ಬೆರಳು ನಿಂತುಬಿಡುತ್ತಿತ್ತು. ಒತ್ತಿದ ಕೂಡಲೇ ಮೇಲಿನವನಿಗೆ ನನ್ನ ವಿಳಾಸ ಗೊತ್ತಾಗಿಬಿಡುತ್ತದೆ ಎಂಬ ಭಯ. ಕಾಗವಾಡದಿಂದ ಅಥಣಿಯವರೆಗೆ ಎಲ್ಲ ಸಭೆಗಳಲ್ಲಿ ಧೈರ್ಯದ ಮೇಲೆ ಮಾತಾಡಿದವನ ಹೆಬ್ಬೆರಳು ಇಷ್ಟು ಪುಕ್ಕಲು ಎಂದು ಯಾರಿಗೆ ಹೇಳಲಿ? ನನಗೆ ಬೇಕಾಗಿದ್ದುದು ನಾನು ಹೂಂ ಅನ್ನದೆಯೇ ನನ್ನನ್ನು ದಾನಿ ಮಾಡುವ ಕಾಯ್ದೆ. ಪುಣ್ಯ ನನ್ನ ಖಾತೆಗೆ, ಹೆದರಿಕೆ ಸರಕಾರದ ಖಾತೆಗೆ.

"ದಾಜೀ, ನೀವ ಹೇಳ್ರಿ," ಎಂದೆ. "ಬೇಕಾದಾಂವ ನೀವು."

ಅವರು ಕಾಲಿನ ಕೆಲಸ ನಿಲ್ಲಿಸಿದರು. "ಯಾರ್ದೋ ಮಗಂದು ಅವರವ್ವನ್ನ ಕೇಳದ ತಂದು ನನ್ನ ಹೊಟ್ಟ್ಯಾಗ ಇಟ್ರ, ನಾ ಯಾವ ಮಗ್ಗಲಿಗಿ ಮಲಗಲಿ? ಆ ಮಗ್ಗಲ ಮಾತಾಡ್ತೈತಿ." ಮೀಸೆಯಲ್ಲೇ ನಕ್ಕು ಸೇರಿಸಿದರು. "ಆದ್ರ ಪುಢಾರಿ, ತಂದ ಇಟ್ರ ತಗೀರಿ ಅಂತ ಅನ್ನುವಷ್ಟು ದೊಡ್ಡ ಮನಷ್ಯಾನೂ ಅಲ್ಲ ನಾ."

ಆಗ ಟೀಚರ್ ಕೇಳಿದ ಪ್ರಶ್ನೆಯೇ ಈ ಬರಹಕ್ಕೆ ಮೂಲ. "ಆತ್ರಿ, ಕಾಯ್ದೆ ಬಂತು ಅಂತ ಇಟ್ಕೋರಿ. ನಮ್ಮ ಕಡೀ ಮಂದಿ ಬ್ಯಾಡ ಅಂತ ಹೇಳಾಕ ಹೋಗ್ಯಾರ. ಸರಕಾರಕ್ಕ ಎಷ್ಟನೇ ಬ್ಯಾಡ ಹೇಳ್ಬೇಕ್ರಿ ಅವರು?"

ಹೊರಗಿನವರಿಗೆ ಇದು ತಿಳಿಯಲಿಕ್ಕಿಲ್ಲ. ನಮ್ಮಲ್ಲಿ ಬ್ಯಾಡ ಎಂಬುದು ಒಂದೇ ಮಾತಲ್ಲ. ನನಗೆ ಭಾಷೆ ಕಲಿಸಿದವಳು ಅಜ್ಜಿ, ಅದೂ ಬಡಿಸುವ ಸೌಟು ಕೈಯಲ್ಲಿ ಹಿಡಿದು. ಪಂಕ್ತಿಯಲ್ಲಿ ಕೂತವನು ಹೋಳಿಗೆ ಬಂದಾಗ ಮೊದಲು ಬ್ಯಾಡ ಅನ್ನುತ್ತಾನೆ. ಅದು ಅವನ ತಾಯಿ ಕಲಿಸಿದ ಮರ್ಯಾದೆ. ಅಜ್ಜಿ ಒಂದು ಹಾಕುತ್ತಿದ್ದಳು. ಎರಡನೆಯ ಬ್ಯಾಡ ಬಡಿಸುವವಳ ಮನಸ್ಸು ನೋಡುವುದಕ್ಕೆ. ಅಜ್ಜಿ ಇನ್ನೊಂದು ಹಾಕಿ ಮೇಲೆ ತುಪ್ಪ ಬಿಡುತ್ತಿದ್ದಳು. ಮೂರನೆಯ ಸಲ ಅವನು ಮಾತೇ ಆಡದೆ ಎರಡೂ ಅಂಗೈ ಅಗಲಿಸಿ ತಾಟಿನ ಮೇಲೆ ಮುಚ್ಚಿ ಬಗ್ಗಿ ಕೂತರೆ ಅದು ನಿಜವಾದ ಬ್ಯಾಡ. ಅಲ್ಲಿಗೆ ಅಜ್ಜಿ ಮುಂದಿನ ತಾಟಿಗೆ ಹೋಗುತ್ತಿದ್ದಳು. ಈ ವ್ಯಾಕರಣ ಎಲ್ಲ ಕಡೆಯೂ ನಡೆಯುತ್ತದೆಂದು ನಂಬಿ ನಾನೊಮ್ಮೆ ದೂರದ ಶಹರಿನ ಗೆಳೆಯನ ಮನೆಗೆ ಹೋಗಿದ್ದೆ. ಊಟ ಮಾಡ್ತೀರಾ ಅಂದರು. ಬ್ಯಾಡ್ರಿ ಅಂದೆ. ನಂಬಿಬಿಟ್ಟರು! ಆ ದಿನ ಬಸ್ ಸ್ಟ್ಯಾಂಡಿನಲ್ಲಿ ಎರಡು ತಟ್ಟೆ ಉಪ್ಪಿಟ್ಟು ತಿಂದು, ಎಂಥ ಒರಟು ಜನ ಎಂದು ಬೈದುಕೊಳ್ಳುತ್ತ ಮನೆಗೆ ಬಂದಿದ್ದೆ.

"ಖರೆ," ಎಂದಳು ಅಕ್ಕ, ಟೀಚರ್ ಮಾತಿಗೆ. ಆ ಮಧ್ಯಾಹ್ನ ಅವಳು ಆಡಿದ್ದು ಅದೊಂದೇ ಮಾತು. ಅದೂ ಹೋಳಿಗೆಯ ಬ್ಯಾಡದ ಬಗ್ಗೆ ಎಂದು ನಾನು ತಿಳಿದುಕೊಂಡೆ.

ಇದಾದ ಕೆಲವು ದಿನಕ್ಕೆ ಟೀಚರ್ ಒಂದು ಡಬ್ಬಿಯಲ್ಲಿ ಶೇಂಗಾ ಹೋಳಿಗೆ ಹಿಡಿದು ನಮ್ಮ ಬಾಗಿಲಿಗೆ ಬಂದರು. "ಭಾಳ ಉಪಕಾರ ಆತ್ರಿ. ಪೇಟಿ ಇನ್ನೂ ಏನ ಧ್ವನಿ ಐತ್ರಿ! ನಮ್ಮ ವಿಹಾರದ ಹಾಡಿನ ಮೇಳದಾಗ ಹೆಣ್ಣುಮಕ್ಕಳು ಕುಣದಾಡಿದ್ರು."

ಪೇಟಿ ಅಂದರೆ ಹಾರ್ಮೋನಿಯಂ. ನನ್ನ ಹಾರ್ಮೋನಿಯಂ. ತರುಣನಾಗಿದ್ದಾಗ ಭಜನೆಯಲ್ಲಿ ಬಾರಿಸಲೆಂದು ಮಿರಜದಿಂದ ತಲೆಯ ಮೇಲೆ ಹೊತ್ತು ತಂದದ್ದು. ಮಿರಜದ ವಾದ್ಯ ಅಂದರೆ ಸುಮ್ಮನೆ ಅಲ್ಲ. ಮಾಳಿಗೆಯ ಮೇಲೆ ಚಾದರ ಹೊದ್ದು ಕೂತಿತ್ತು. ಬಾರಿಸಿ ಎಷ್ಟು ವರ್ಷವಾಯಿತು ಎಂದು ಕೇಳಬೇಡಿ, ಇಲಿಗಳು ನನಗಿಂತ ಹೆಚ್ಚು ಬಾರಿಸಿದ್ದವು.

ಬಾಗಿಲಲ್ಲಿ ನಿಂತು ನಾನು ಟೀಚರಿಗೆ ಹೇಳಿದ್ದು "ಅಯ್ಯ, ಅದರಾಗೇನೈತ್ರಿ" ಎಂದು. ಒಳಗೆ ಬಂದು ಹೆಂಡತಿಗೆ ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ.

ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಕೇಳೀನಲ್ರಿ ನಿಮ್ಮನ್ನ. ನೀವು ಫೋನಿನ್ಯಾಗ ಮಾತಾಡಾಕತ್ತಿದ್ರಿ. ಪೇಟಿ ವಿಹಾರದ ಮೇಳಕ್ಕ ಕೊಡ್ಲೇನ್ರಿ, ಬ್ಯಾಡಿದ್ರ ಬ್ಯಾಡ ಅನ್ರಿ ಅಂದೆ. ಸುಮ್ಮ ಇದ್ರಿ."

"ಕೇಳ್ಸಿಲ್ಲ ನನಗ!"

"ಅದನ್ನ ಕಾಯ್ದೇಗಿ ಹೇಳ್ರಿ."

ಎರಡು ದಿನ ನಾನು ಮನೆಯಲ್ಲಿ ಮಾತಾಡಲಿಲ್ಲ. ಹೆಂಡತಿ ಆ ಎರಡು ದಿನ ಒಣದ್ರಾಕ್ಷಿಯ ಕೆಲಸ ಬಹಳ ಸಾಗಿತು ಎಂದು ನೆರೆಯವರ ಮುಂದೆ ಹೇಳಿದಳಂತೆ. ಶೆಡ್ಡಿನ ಹಿಂದೆ ಕೂತು ನಾನು ನನ್ನ ಸಿಟ್ಟನ್ನೇ ತಿರುವಿ ನೋಡಿದೆ. ಪೇಟಿ ನನಗೆ ಬೇಕಾಗಿತ್ತೇ? ಇಲ್ಲ. ಕೇಳಿದ್ದರೆ ಕೊಡುತ್ತಿದ್ದೆನೇ? ಕೊಡುತ್ತಿದ್ದೆ. ಒಂದು ಸಲ ಬ್ಯಾಡ ಅಂದು, ಎರಡು ಸಲ ಬ್ಯಾಡ ಅಂದು, ಅವರಿಂದ ನಾಲ್ಕು ಒಳ್ಳೆ ಮಾತು ಹೇಳಿಸಿಕೊಂಡು, ಕಣ್ಣಂಚು ಒರೆಸಿಕೊಂಡು ಕೊಡುತ್ತಿದ್ದೆ. ನನ್ನಿಂದ ಹೋದದ್ದು ಪೇಟಿಯಲ್ಲ, ಕೊಡುವ ಸುಖ. ಹೆಂಡತಿ ವಸ್ತುವನ್ನು ಮೇಳಕ್ಕೆ ಕೊಟ್ಟಿದ್ದಳು, ಕೊಡುವ ಕೈಯನ್ನು ಮಾತ್ರ ನನ್ನ ಮೈಯಲ್ಲೇ ನಿರುದ್ಯೋಗಿ ಮಾಡಿ ಬಿಟ್ಟಿದ್ದಳು. ಅದೇ ಹೊತ್ತಿಗೆ ಇನ್ನೊಂದು ಮಾತೂ ಹೊಳೆಯಿತು, ಅದು ಅಷ್ಟು ಸುಖದ್ದಲ್ಲ. ಕೇಳುವುದನ್ನು ಕಾಯುತ್ತ ಕೂತಿದ್ದರೆ ಆ ಪೇಟಿ ಇನ್ನೂ ಇಲಿಯ ಬಾಯಲ್ಲೇ ಇರುತ್ತಿತ್ತು. ಈಗ ಸಂಜೆ ವಿಹಾರದ ಕಡೆಯಿಂದ ಅದರ ಸ್ವರ ಕೇಳುತ್ತದೆ. ಕಾಯ್ದೆಯ ಪರವಾಗಿ ನಾನು ಆಡಿದ ಮಾತೆಲ್ಲ ಆ ಸ್ವರದಲ್ಲೂ ಇತ್ತು. ಎರಡೂ ನಿಜವಾಗಿದ್ದರೆ ಭಾಷಣ ಹೇಗೆ ಮಾಡುವುದು? ನನ್ನ ಕಸುಬಿಗೇ ಕುತ್ತು ಬಂದಂತಾಯಿತು.

ಮಳೆ ಹಿಡಿಯುವ ಹೊತ್ತಿಗೆ ದಾಜಿ ಬಹಳ ಸೊರಗಿ ಇಳಿದುಹೋದರು. ಯಂತ್ರದಿಂದ ಎದ್ದರೆ ರೈಲು ಹತ್ತುವುದಕ್ಕೆ ಇಬ್ಬರು ಹಿಡಿಯಬೇಕಾಯಿತು. ಸರದಿ ಯಾವಾಗ ಬರುತ್ತದೆಂದು ಹೇಳಲಾಗದು, ಮನೆಯವರೇ ಯಾರಾದರೂ ಒಂದು ಮೂತ್ರಪಿಂಡ ಕೊಟ್ಟರೆ ಒಳ್ಳೆಯದು, ಎರಡರಲ್ಲಿ ಒಂದಿದ್ದರೂ ಮನುಷ್ಯ ಬದುಕುತ್ತಾನೆ ಎಂದು ಡಾಕ್ಟರು ಹೇಳಿದರು. ಅದಕ್ಕೇ ರಾಯಬಾಗದ ಅವರ ಮನೆಯಲ್ಲಿ ಎಲ್ಲರೂ ಸೇರಿದೆವು.

ಪಡಸಾಲೆಯಲ್ಲಿ ಗಂಡಸರು. ದಾಜಿ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಅವರ ಅಣ್ಣನಿಗೆ ರಕ್ತದೊತ್ತಡ. ಚಿಕ್ಕಪ್ಪನ ಮಗನಿಗೆ ಹಿಂದೊಮ್ಮೆ ಮೂತ್ರಪಿಂಡದಲ್ಲಿ ಕಲ್ಲಾಗಿತ್ತು. ದಾಜಿಯ ಮಗನಿಗೆ ಮೊನ್ನೆ ಮೊನ್ನೆ ಮದುವೆಯಾಗಿತ್ತು, ಅವನ ಹೆಸರನ್ನು ಯಾರೂ ಎತ್ತಲಿಲ್ಲ, ಎತ್ತದಿದ್ದುದಕ್ಕೆ ಎಲ್ಲರೂ ಒಬ್ಬರಿಗೊಬ್ಬರು ಮನಸ್ಸಿನಲ್ಲೇ ಕೃತಜ್ಞರಾಗಿದ್ದರು. ನನಗೆ ಸಕ್ಕರೆ ಕಾಯಿಲೆ. ಇಷ್ಟೊಂದು ಸಕ್ಕರೆ ಕಾರ್ಖಾನೆಗಳ ನಡುವೆ ಹುಟ್ಟಿ ಬೆಳೆದವನ ರಕ್ತದಲ್ಲಿ ಇನ್ನೇನು ಸಿಗುತ್ತದೆ? ಅದನ್ನು ಸಭೆಗೆ ಹೇಳುವಾಗ ನನ್ನ ಧ್ವನಿಯಲ್ಲಿ ದುಃಖವಿತ್ತು. ದುಃಖದ ಕೆಳಗೆ ಬೇರೆ ಏನೋ ಇತ್ತು, ಅದಕ್ಕೆ ನಿರಾಳ ಎನ್ನುತ್ತಾರೆ.

ಗಂಡಸರೆಲ್ಲ ತಮ್ಮ ತಮ್ಮ ರೋಗಗಳನ್ನು ಮುಂದಿಟ್ಟ ಮೇಲೆ ಎಲ್ಲರ ಕಣ್ಣೂ ಅಡುಗೆಮನೆಯ ಬಾಗಿಲಿಗೆ ಹೋದವು. ಒಳಗೆ ಅಕ್ಕ ಚಹಾ ಮಾಡುತ್ತಿದ್ದಳು.

"ಆಕಿ ಅದಾಳಲ್ಲ," ಎಂದರು ದಾಜಿಯ ಅಣ್ಣ. "ಗಟ್ಟಿ ಅದಾಳ. ಒಂದಿನ ನೆಗಡಿ ಅಂತ ಮಲಗಿದ್ದ ನೋಡಿಲ್ಲ."

"ಮತ್ತ, ಗಂಡಗ ಕೊಡಾಕ ಆಕಿ ಬ್ಯಾಡ ಅಂತಾಳೇನು?" ಎಂದ ಚಿಕ್ಕಪ್ಪನ ಮಗ.

ನಾನು ಅಕ್ಕನ ತವರಿನ ವಕೀಲ. ಗಂಟಲು ಸರಿಮಾಡಿಕೊಂಡೆ. "ನಮ್ಮಕ್ಕ ಎಂದೂ ಯಾವುದಕ್ಕೂ ಬ್ಯಾಡ ಅಂದಾಕಿ ಅಲ್ಲ. ಆಕೀದು ಒಪ್ಪಿಗಿ ಐತಿ ಅಂತನ..."

ಬಾಗಿಲ ಪಕ್ಕ ನಿಂತಿದ್ದ ನನ್ನ ಹೆಂಡತಿ ಮೆಲ್ಲಗೆ ಒಂದೇ ಮಾತು ಹೇಳಿದಳು. "ಪೇಟಿ."

ನನ್ನ ವಾಕ್ಯ ಅಲ್ಲೇ ನಿಂತಿತು. ಪಡಸಾಲೆಯವರು ಯಾವ ಪೇಟಿ ಎಂದು ಒಬ್ಬರ ಮುಖ ಒಬ್ಬರು ನೋಡಿದರು. ನಾನು ಎದ್ದು ಅಡುಗೆಮನೆಗೆ ಹೋದೆ.

"ಚಾ ಆಗಾಕ ಬಂತೋ ತಮ್ಮಾ," ಎಂದಳು ಅಕ್ಕ, ತಿರುಗದೆ.

"ಚಾ ಅಲ್ಲಕ್ಕಾ. ನಿನ್ನ ಒಂದ ಮಾತ ಕೇಳಾಕ ಬಂದೆ."

"ಏನ?"

ಜೀವಮಾನದಲ್ಲಿ ಮೊದಲ ಸಲ ನನಗೆ ಪೀಠಿಕೆ ಸಿಗಲಿಲ್ಲ. "ದಾಜೀಗಿ ನಿಂದೊಂದು ಕಿಡ್ನಿ ಕೊಡ್ತೀಯೇನು?"

ಅವಳು ಗ್ಯಾಸಿನ ಉರಿ ಸಣ್ಣ ಮಾಡಿದಳು. "ಬ್ಯಾಡ," ಎಂದಳು.

ನಾನು ನಿಂತಲ್ಲೇ ನಿಂತೆ. ಇದು ಯಾವ ಬ್ಯಾಡ? ಮೊದಲನೆಯದೋ ಮೂರನೆಯದೋ? ಅಜ್ಜಿ ಕಲಿಸಿದ ವ್ಯಾಕರಣದಲ್ಲಿ ಸೌಟು ಇತ್ತು, ತಾಟು ಇತ್ತು, ಮೈಯನ್ನು ಕೊಯ್ಯುವ ಮಾತಿರಲಿಲ್ಲ. ಅಭ್ಯಾಸಬಲದಿಂದ ನನ್ನ ಬಾಯಿ "ಹಂಗಂದ್ರ ಹೆಂಗಕ್ಕಾ, ಸ್ವಲ್ಪರ..." ಎಂದು ತುಪ್ಪ ಬಡಿಸುವವನ ಹಾಗೆ ತೆರೆದುಕೊಂಡಿತು. ಮುಚ್ಚಿದೆ.

ಅವಳೂ ಕಾದಳು. ಆಮೇಲೆ ತಿರುಗಿ ನನ್ನ ಮುಖ ನೋಡಿದಳು. "ಯಾಕೋ, ಎರಡನೇ ಸಲ ಕೇಳಾಂಗಿಲ್ಲೇನು?"

"ಕೇಳ್ಬೇಕೋ ಬ್ಯಾಡೋ ತಿಳೀವಲ್ದಕ್ಕಾ."

ಅವಳಿಗೆ ನಗು ಬಂತು. ನಗುತ್ತಲೇ ಮಣೆಯ ಮೇಲೆ ಕೂತಳು. "ಹೆದರಿಕಿ ಆಗ್ತೈತೋ ತಮ್ಮಾ. ಅವರು ಹ್ವಾದ್ರ ಹೆಂಗ ಅನ್ನೂದ ಒಂದ ಹೆದರಿಕಿ, ನನ್ನ ಕೊಯ್ತಾರ ಅನ್ನೂದ ಒಂದ ಹೆದರಿಕಿ. ಯಾವ ಹೆದರಿಕಿ ದೊಡ್ಡದಂತ ನಂಗ ಗೊತ್ತಾಗವಲ್ದು. ಮನ್ಯಾಗ ಎಲ್ಲಾರೂ ನನ್ನ ಕಡೆ ನೋಡ್ತಾರ. ಒಬ್ಬರೂ ಕೇಳೂದಿಲ್ಲ. ಕೇಳಿದ್ರ ಹೆದರಿಕಿ ಆಗೇತಿ ಅಂತ ಹೇಳಾಕರ ಆಗ್ತಿತ್ತು."

"ಈಗ ಹೇಳಿದೆಲ್ಲ."

"ಹೇಳಿದೆ. ಈಗ ನಂಗ ವಿಚಾರ ಮಾಡಾಕ ಬಿಡ್ರಿ. ನಾನ ಹೇಳ್ತೀನಿ. ಅಲ್ಲೀತನಕಾ ನೀ ಹೊರಗ ಹೋಗಿ ಹೂಂ ಅಂತಾನೂ ಅನಬ್ಯಾಡ, ಉಹೂಂ ಅಂತಾನೂ ಅನಬ್ಯಾಡ. ಆಕ್ಕೈತಿ ನಿನಗ?"

"ಸುಮ್ಮ ಇರೂದಾ?"

"ಹೂಂ. ಅದ."

"ಕಿಡ್ನಿ ಕೊಡೂದ ಸಸಾರ ಐತಿ ಬಿಡಕ್ಕಾ," ಎಂದೆ. ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡು ಚಹಾ ಸೋಸಿದಳು.

ಚಹಾದ ತಟ್ಟೆ ಹಿಡಿದು ಪಡಸಾಲೆಗೆ ಬಂದೆ. ಬಾಯಿ ಬಿಗಿಹಿಡಿದಿದ್ದೆ. ನಾನು ಮಾತಾಡದೆ ಬಂದದ್ದನ್ನು ನೋಡಿ ದಾಜಿಯ ಅಣ್ಣ ತೊಡೆ ತಟ್ಟಿದರು. "ಸುಮ್ಮ ಬಂದಾನಂದ್ರ ಆತ. ಒಪ್ಯಾಳ!"

ಶೆಡ್ಡಿನಲ್ಲಿ ನಾನೇ ಮಾಡಿದ ಕಾಯ್ದೆ ರಾಯಬಾಗದವರೆಗೆ ರೈಲಿನಲ್ಲಿ ಬಂದು ನನ್ನೆದುರು ಕೂತಿತ್ತು.

"ಇಲ್ರಿ," ಎಂದೆ. "ಸುಮ್ಮ ಅಂದ್ರ ಸುಮ್ಮ. ಮುಂದ ಏನೂ ಇಲ್ಲ."

"ಅಂದ್ರ ಬ್ಯಾಡಂದ್ಳಾ?"

"ಅದನ್ನೂ ನಾ ಅಂದಿಲ್ಲ."

ಗೊಂದಲವಾಯಿತು. ನಾನು ಬಾಯಿಬಿಟ್ಟರೆ ನಿಲ್ಲುವುದಿಲ್ಲ ಎಂದು ಗೊತ್ತಿದ್ದವರಿಗೆ ನನ್ನ ಮೌನ ದೊಡ್ಡ ಅಪಶಕುನದಂತೆ ಕಂಡಿರಬೇಕು. ಆಗ ದಾಜಿ ಮಂಚದ ಮೇಲೆ ನೆಟ್ಟಗೆ ಕೂತರು. "ಇಷ್ಟ ಹೊತ್ತ ಯಾರರ ಆಕೀನ್ನ ಕೇಳೀರಿ? ನಾನೂ ಕೇಳಿಲ್ಲ, ನನಗ ಬಾಯಿ ಬರವಲ್ದು. ಆಕಿ ತಾನಾಗಿ ಹೇಳೂತನಕಾ ಈ ಮಾತ ಈ ಮನ್ಯಾಗ ಬ್ಯಾಡ." ಹಾಗೆ ಹೇಳಿ ತಮ್ಮ ಎರಡೂ ಅಂಗೈ ಅಗಲಿಸಿ ತೊಡೆಯ ಮೇಲೆ ಊರಿ, ಇಲ್ಲದ ತಾಟೊಂದನ್ನು ಮುಚ್ಚಿದವರ ಹಾಗೆ ಬಗ್ಗಿ ಕೂತರು.

ಪಡಸಾಲೆಯಲ್ಲಿ ಎಲ್ಲರಿಗೂ ಆ ಅಂಗೈಯ ಅರ್ಥ ಗೊತ್ತಿತ್ತು. ಯಾರೂ ಮತ್ತೆ ಬಡಿಸಲಿಲ್ಲ. ಚಹಾ ಕುಡಿದು ಎದ್ದೆವು.

ಅಕ್ಕ ಹೇಳಿದ್ದು ನಮ್ಮ ಶೆಡ್ಡಿನಲ್ಲಿ. ಮಿರಜದಿಂದ ಬರುವಾಗ ಒಂದು ದಿನ ದಾಜಿ ಮಲಗಿ ನಿದ್ದೆ ಹೋದ ಮೇಲೆ ಹೊರಗೆ ಬಂದು, ನನ್ನನ್ನೂ ಹೆಂಡತಿಯನ್ನೂ ಕರೆದು ಹೇಳಿದಳು. "ನಾ ಕೊಡ್ತೀನಿ. ಹೆದರಿಕಿ ಹಂಗ ಐತಿ. ಹೆದರಿಕಿ ಇಟ್ಕೊಂಡನ ಕೊಡ್ತೀನಿ."

ಮರುವಾರ ತಪಾಸಣೆಗೆ ಹೋದರು. ಅಕ್ಕನ ರಕ್ತದ ಗುಂಪೇ ದಾಜಿಗೆ ಹೊಂದುವುದಿಲ್ಲ ಎಂದು ಮೊದಲ ಸೂಜಿಯಲ್ಲೇ ಗೊತ್ತಾಯಿತು. ಅವಳ ಮೈಯನ್ನು ಅಷ್ಟು ಸಲೀಸಾಗಿ ಹಂಚಿದ ನಮ್ಮ ಪಡಸಾಲೆಯಲ್ಲಿ, ಅವಳ ಗುಂಪು ಯಾವುದು ಎಂದು ಗೊತ್ತಿದ್ದವರು ಒಬ್ಬರೂ ಇರಲಿಲ್ಲ. ತವರಿನ ವಕೀಲನಿಗೂ ಗೊತ್ತಿರಲಿಲ್ಲ. ಬೇರೆಯವರ ಜೊತೆ ಅದಲುಬದಲು ಮಾಡಿಕೊಳ್ಳುವ ದಾರಿಯೂ ಇದೆಯೆಂದು ಡಾಕ್ಟರು ಹೇಳಿದರು, ಅಕ್ಕ ಅದಕ್ಕೂ ತನ್ನ ಹೆಸರು ಹೇಳಿ ಬಂದಳು. ಆದರೆ ದಾಜಿ ಮತ್ತೆ ಅದೇ ಸರದಿಗೆ ಬಂದು ನಿಂತಂತಾಯಿತು. ಸಂಜೆಯ ರೈಲಿಗೆ ಹೊರಟಾಗ ಶೇಡಬಾಳದ ಸ್ಟೇಷನ್ನಿನಲ್ಲಿ ಅವರು ಅಕ್ಕನ ಕೈಚೀಲವನ್ನು ತಾವೇ ಹಿಡಿದುಕೊಂಡದ್ದನ್ನು ನೋಡಿದೆ. ಎಂದೂ ಹಿಡಿದವರಲ್ಲ. ಅಕ್ಕ ಬ್ಯಾಡ ಅನ್ನಲಿಲ್ಲ.

ಆ ಸಂಜೆ ನಾನು ಶೆಡ್ಡಿನ ಹಿಂದೆ ಹೋಗಿ ಮೊಬೈಲು ತೆಗೆದೆ. ಹೆಂಡತಿಯನ್ನೂ ಕರೆದೆ. ಸತ್ತ ಮೇಲೆ ಹೇಗೂ ಅವಳನ್ನೇ ಕೇಳುತ್ತಾರೆ, ಅದಕ್ಕಾಗಿ ಅವಳ ಮುಂದೆಯೇ ಆಗಲಿ ಎಂದು.

"ಏನೇನ ಕೊಡೂನು ಹೇಳು?"

ಅವಳು ನನ್ನನ್ನು ಎತ್ತು ಕೊಳ್ಳುವವಳ ಹಾಗೆ ಮೇಲಿಂದ ಕೆಳಗೆ ನೋಡಿದಳು. "ಸಕ್ಕರಿ ತುಂಬಿದ ಕಿಡ್ನಿ ಯಾರಿಗೆ ಬೇಕ್ರಿ. ಕಣ್ಣ ಕೊಡ್ರಿ. ಎದುರಿಗಿದ್ದದ್ದ ಎಂದೂ ನೋಡಿಲ್ಲ ನೀವು, ಹೊಸಾವ ಇದ್ದಂಗ ಅದಾವ."

"ನಾಲಿಗಿ?"

"ಅದನ್ನ ತಗೊಂಡವರ ಮನೀ ಗತಿ ಏನ್ರಿ!"

ಹೆಬ್ಬೆರಳು ಒತ್ತಿತು. ಏನೂ ಆಗಲಿಲ್ಲ. ಮೇಲಿನವನು ವಿಳಾಸ ಕೇಳಿಕೊಂಡು ಬರಲಿಲ್ಲ. ಒಂದು ಹಸಿರು ಗುರುತು ಬಂತು, ಅಷ್ಟೇ. ಇಷ್ಟಕ್ಕೋಸ್ಕರ ನಾನು ದೇಶದ ಕಾಯ್ದೆಯನ್ನೇ ಬದಲಿಸಲು ಹೊರಟಿದ್ದೆ.

ಕಾಯ್ದೆ ಬೇಕೋ ಬೇಡವೋ ಎಂದು ಈಗ ಯಾರಾದರೂ ಕೇಳಿದರೆ ನಾನು ಉತ್ತರ ಹೇಳುವ ಮೊದಲು ಚಹಾ ತರಿಸುತ್ತೇನೆ. ಕಾಯುವವರ ಮುಖ ನೋಡಿದರೆ ಇವತ್ತೇ ಬರಲಿ ಅನ್ನಿಸುತ್ತದೆ. ಅಡುಗೆಮನೆಯ ಬಾಗಿಲು ನೆನೆದರೆ, ಬರಲಿ, ಆದರೆ ಮನೆಮನೆಗೆ ಹೋಗಿ, ಒಬ್ಬೊಬ್ಬರನ್ನೂ, ಮೂರು ಸಲ ಕೇಳಿ ಬರಲಿ ಅನ್ನಿಸುತ್ತದೆ. ಅಷ್ಟು ಸಲ ಕೇಳುವುದಾದರೆ ಕಾಯ್ದೆ ಯಾಕೆ ಎಂದು ಟೀಚರ್ ಅನ್ನುತ್ತಾರೆ. ನಾನು ಇನ್ನೊಂದು ಚಹಾ ತರಿಸುತ್ತೇನೆ.

ಚಳಿಗಾಲ ಮುಗಿಯುತ್ತ ಬಂದಿತ್ತು. ಒಂದು ದಿನ ಬೆಳಗಾವಿಯಿಂದ ದಾಜಿಗೆ ಕರೆ ಬಂತು. ಯಾರದು, ಯಾವ ಊರು ಎಂದು ನಮಗೆ ಹೇಳಲಿಲ್ಲ. ಯಾವುದೋ ದವಾಖಾನೆಯ ವರಾಂಡದಲ್ಲಿ ಯಾರೋ ಯಾರನ್ನೋ ಕೇಳಿದ್ದರು, ಅವರು ಹೂಂ ಅಂದಿದ್ದರು. ಅಕ್ಕ, ದಾಜಿ, ಅವರ ಮಗ ಗಾಡಿ ಮಾಡಿಕೊಂಡು ಹೋದರು. ಆಪರೇಷನ್ ಆದ ಮರುದಿನ ನಾನು ಹೆಂಡತಿಯೊಡನೆ ಬೆಳಗಾವಿಯ ಬಸ್ಸು ಹತ್ತಿದೆ. ಅವಳ ಚೀಲದಲ್ಲಿ ಹೊಸ ಹಂಗಾಮಿನ ಮೊದಲ ಒಣದ್ರಾಕ್ಷಿಯ ಪೊಟ್ಟಣವಿತ್ತು, ಡಾಕ್ಟರು ಎಂದಾದರೂ ಹೂಂ ಅಂದರೆ ಇರಲಿ ಎಂದು.

ಬಸ್ಸು ಚಿಕ್ಕೋಡಿಯ ನಿಲ್ದಾಣದಲ್ಲಿ ನಿಂತಿದ್ದಾಗ ಫೋನು ಬಂತು. ನನಗೆ ಕಿವಿ ಸ್ವಲ್ಪ ಮಂದ, ಸ್ಪೀಕರಿಗೆ ಹಾಕಿದ್ದೆ. ಗಂಡನ ಹೆಸರನ್ನು ಇದುವರೆಗೆ ಬಾಯಿಬಿಟ್ಟು ಹೇಳದ ನನ್ನ ಅಕ್ಕ ದವಾಖಾನೆಯ ನಡುವೆ ನಿಂತು ಕೂಗಿದಳು.

"ತಮ್ಮಾ, ಒಂದಕ್ಕ ಹ್ವಾದ್ರೋ! ತಾವ ಹ್ವಾದ್ರು! ಡಾಕ್ಟರ ಅಳತಿ ಮಾಡಿ ನೋಡಿ ನಕ್ರು!"

ಇಡೀ ಬಸ್ಸಿಗೆ ಕೇಳಿಸಿತು. ಮುಂದಿನ ಸೀಟಿನ ಮುದುಕಿ ತಿರುಗಿ, "ಯಾರಿಗ್ಯೋ ತಮ್ಮಾ, ಭಾಳ ದಿನದಿಂದ ನಿಂತಿತ್ತೇನು?" ಎಂದಳು. ಹೆಂಡತಿ ಹೇಳಿದಳು. ಮುದುಕಿ ಕೈ ಎತ್ತಿ ಮುಗಿದಳು.

ಹೆಂಡತಿ ಪೊಟ್ಟಣ ಬಿಚ್ಚಿ ಎದ್ದು, ಸೀಟಿನಿಂದ ಸೀಟಿಗೆ ಒಣದ್ರಾಕ್ಷಿ ಹಂಚುತ್ತ ಹೋದಳು. ಕಂಡಕ್ಟರ್ ಬ್ಯಾಡ್ರಿ ಅಕ್ಕಾರ ಎಂದ. ಅವನಿಗೆ ಎರಡು ಹಿಡಿ ಕೊಟ್ಟಳು.